ಲಿವರಿನೊಳಗೆ ಹರಿಯುವ ರಕ್ತದ ಲೆಕ್ಕ

ಭೀಮರಾಯನಗುಡಿಯವರಿಗೆ ನೀರಿನ ಲೆಕ್ಕ ಹೊಸದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರಾಧಿಕಾರದ ಕಚೇರಿ ಇರುವ ಊರಿದು. ನಾರಾಯಣಪುರದ ಬಸವಸಾಗರದಲ್ಲಿ ಎಷ್ಟು ನೀರಿದೆ ಎಂದು ತಿಳಿದರೆ ಇಲ್ಲಿನ ರೈತರಿಗೆ ಸಾಲದು. ಯಾವ ಗೇಟಿನಿಂದ ಎಷ್ಟು ಬಿಟ್ಟರು, ಕೊನೆಯ ಹೊಲಕ್ಕೆ ಯಾವಾಗ ಮುಟ್ಟೀತು ಎಂಬುದು ಗೊತ್ತಾಗಬೇಕು. ಲಿವರಿನ ರಕ್ತದ ಬಗ್ಗೆ ಇದನ್ನೇ ಕೇಳುವ ಪರೀಕ್ಷೆ ಪರ್ಫ್ಯೂಷನ್ ಸಿ.ಟಿ.

ಲಿವರಿಗೆ ರಕ್ತ ಬರುವುದು ಎರಡು ದಾರಿಯಲ್ಲಿ. ಮುಕ್ಕಾಲು ಪಾಲು ಕರುಳು ಮತ್ತು ಗುಲ್ಮದಿಂದ ಪೋರ್ಟಲ್ ರಕ್ತನಾಳದ ಮೂಲಕ. ಉಳಿದ ಕಾಲು ಪಾಲು ನೇರವಾಗಿ ಅಪಧಮನಿಯಿಂದ. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾದಂತೆ ಪೋರ್ಟಲ್ ರಕ್ತ ಒಳನುಗ್ಗಲಾರದೆ ಕುಗ್ಗುತ್ತದೆ, ಅಪಧಮನಿಯ ಪಾಲು ಏರುತ್ತದೆ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆಯಂತೂ ಬಹುಪಾಲು ಅಪಧಮನಿಯ ರಕ್ತದಿಂದಲೇ ಬೆಳೆಯುತ್ತದೆ. ಹಾಗಾಗಿ ಈ ಎರಡು ಪಾಲುಗಳನ್ನು ಬೇರೆಬೇರೆಯಾಗಿ ಅಳೆದರೆ ಕಾಯಿಲೆಯ ನಡೆ ತಿಳಿಯುತ್ತದೆ.

ಆದರೆ ಒಳಗೆ ಬೆರೆತುಹೋದ ರಕ್ತವನ್ನು ಬೇರ್ಪಡಿಸುವುದು ಹೇಗೆ? ತೋಳಿನ ನಾಳಕ್ಕೆ ಅಯೋಡಿನ್ ಇರುವ ಔಷಧವನ್ನು ಸೆಕೆಂಡಿಗೆ ನಾಲ್ಕೈದು ಮಿಲಿಲೀಟರ್ ವೇಗದಲ್ಲಿ ಕೊಡುತ್ತಾರೆ. ಸಿ.ಟಿ. ಯಂತ್ರ ಹೊಟ್ಟೆಯ ಅದೇ ಭಾಗವನ್ನು ಕೆಲವೇ ಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ಚಿತ್ರಿಸುತ್ತದೆ. ಔಷಧ ತಲುಪಿದ ಜಾಗ ಬೆಳಗುತ್ತದೆ, ದಾಟಿಹೋದ ಮೇಲೆ ಮಂಕಾಗುತ್ತದೆ. ಆ ಏರಿಳಿತವೇ ಒಂದು ವಕ್ರರೇಖೆ. ರೇಖೆ ಎಷ್ಟು ಕಡಿದಾಗಿ ಏರಿತು ಎಂಬುದರಿಂದ ಹರಿವನ್ನು ಲೆಕ್ಕ ಹಾಕುತ್ತಾರೆ.

ನನಗೆ ಬಹಳ ಮೆಚ್ಚುಗೆಯಾಗುವುದು ಇದರಲ್ಲಿ ಗುಲ್ಮದ ಬಳಕೆ. ಗುಲ್ಮಕ್ಕೆ ಅಪಧಮನಿಯ ರಕ್ತ ಮಾತ್ರ ಬರುತ್ತದೆ. ಅದು ಗರಿಷ್ಠ ಬೆಳಗುವ ಕ್ಷಣಕ್ಕೆ ಮುಂಚಿನ ಏರಿಕೆಯನ್ನು ಲಿವರಿನ ಅಪಧಮನಿಯ ಪಾಲೆಂದೂ, ಆಮೇಲಿನದನ್ನು ಪೋರ್ಟಲ್ ಪಾಲೆಂದೂ ತೆಗೆದುಕೊಳ್ಳುತ್ತಾರೆ. ಕೆನ್ನೆತ್ ಮೈಲ್ಸ್ ಮತ್ತು ಸಂಗಡಿಗರು 1993ರಲ್ಲಿ ಲಿವರಿನ ಇಂಥ ಚಿತ್ರಗಳನ್ನು ಪ್ರಕಟಿಸಿದರು. ಪಕ್ಕದ ಅಂಗವನ್ನೇ ಗಡಿಯಾರ ಮಾಡಿಕೊಂಡ ಈ ಜಾಣ್ಮೆಗೆ ತಲೆಬಾಗಬೇಕು. ಈಗ ಇದಕ್ಕಿಂತ ಸೂಕ್ಷ್ಮ ಗಣಿತದ ವಿಧಾನಗಳೂ ಇವೆ.

ಯಂತ್ರವೇ ಎಲ್ಲ ಮಾಡಿಬಿಡುವುದಿಲ್ಲ. ರೋಗಿ ಉಸಿರಾಡಿದಾಗ ಲಿವರ್ ಮೇಲೆ ಕೆಳಗೆ ಸರಿಯುತ್ತದೆ. ಇದರಿಂದ ಚಿತ್ರದಿಂದ ಚಿತ್ರಕ್ಕೆ ಅದೇ ಬಿಂದು ತಪ್ಪಿಹೋಗಬಹುದು. ಆದ್ದರಿಂದ ಮೆಲ್ಲಗೆ ಉಸಿರಾಡುವಂತೆ ಮೊದಲೇ ಹೇಳಿಕೊಡುವ ತಂತ್ರಜ್ಞರ ತಾಳ್ಮೆ ದೊಡ್ಡದು. ಮಹಾಪಧಮನಿ, ಪೋರ್ಟಲ್ ನಾಳ, ಗಡ್ಡೆಗಳ ಮೇಲೆ ಅಳತೆಯ ವೃತ್ತಗಳನ್ನು ರೇಡಿಯಾಲಜಿಸ್ಟ್ ಇಡುವಾಗ ಕೂದಲೆಳೆಯಷ್ಟು ಆಚೀಚೆಯಾದರೂ ಅಂಕಿ ಬದಲಾಗುತ್ತದೆ.

ಈ ಶ್ರಮಕ್ಕೆ ತಕ್ಕ ಫಲವೂ ಇದೆ. ಗಡ್ಡೆಯ ರಕ್ತನಾಳ ಮುಚ್ಚುವ ಚಿಕಿತ್ಸೆ ಅಥವಾ ಅದರ ನಾಳಗಳನ್ನು ತಡೆಯುವ ಮಾತ್ರೆ ಕೊಟ್ಟ ಮೇಲೆ ಗಾತ್ರ ಇಳಿಯಲು ಕಾಲ ಬೇಕು. ಒಳಗಿನ ಹರಿವು ಅದಕ್ಕೂ ಮುಂಚೆಯೇ ಇಳಿದಿರಬಹುದು. ಚಿಕಿತ್ಸೆ ನಾಟುತ್ತಿದೆಯೇ ಎಂಬ ಸುಳಿವು ಆಗಲೇ ಸಿಗುತ್ತದೆ.

ಆದರೆ ಒಂದೇ ಜಾಗಕ್ಕೆ ಪದೇಪದೇ ಎಕ್ಸ್‌ರೇ ಬೀಳುವುದರಿಂದ ವಿಕಿರಣ ಹೆಚ್ಚು. ಮೂತ್ರಪಿಂಡ ದುರ್ಬಲವಾಗಿದ್ದವರೂ, ಅಯೋಡಿನ್ ಇರುವ ಔಷಧದ ಅಲರ್ಜಿ ಇದ್ದವರೂ ಮೊದಲೇ ತಿಳಿಸಬೇಕು. ಹೀಗಾಗಿ ಇದನ್ನು ಎಲ್ಲರಿಗೂ ಮಾಡುವುದಿಲ್ಲ, ಸಾಮಾನ್ಯ ಸಿ.ಟಿ., ಎಂ.ಆರ್.ಐ., ಬಯಾಪ್ಸಿಗಳ ಜಾಗವನ್ನೂ ಇದು ತೆಗೆದುಕೊಳ್ಳುವುದಿಲ್ಲ. ಶಹಾಪುರ, ಸುರಪುರ ಸೀಮೆಯಲ್ಲಿ ಸಿರೋಸಿಸ್ ಇದೆ ಎಂದು ವೈದ್ಯರು ಹೇಳಿದವರು ಇಂಥ ದೊಡ್ಡ ಪರೀಕ್ಷೆಗೆ ಕಾಯಬೇಕಿಲ್ಲ. ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವುದನ್ನು ಮಾತ್ರ ತಪ್ಪಿಸಬೇಡಿ.