ಪರದೇಶದಲ್ಲಿರುವವರ ತೋಟ ಕೊಳ್ಳುವ ಮುನ್ನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ, ಕೊಲ್ಲಿ ರಾಷ್ಟ್ರಗಳಲ್ಲೋ ಅಮೇರಿಕದಲ್ಲೋ ನೆಲೆಸಿದ ಮಕ್ಕಳು ತೋಟ ಮತ್ತು ಮನೆಯನ್ನು ಮಾರುವುದು ಈಗ ಸಾಮಾನ್ಯವಾಗಿದೆ. ನೆರೆಕರೆಯ ಕೃಷಿಕನಿಗೆ ಇದು ಒಳ್ಳೆಯ ಅವಕಾಶವೇ ಸರಿ. ಆದರೆ ರಜೆಯಲ್ಲಿ ಬಂದ ಮಾಲಿಕರಿಗೆ ಹಿಂದಿರುಗುವ ಅವಸರ, ದಲ್ಲಾಳಿಗೆ ವ್ಯಾಪಾರ ಕುದುರಿಸುವ ಅವಸರ. ಈ ಗಡಿಬಿಡಿಯಲ್ಲಿ ಮೊದಲು ಮುಂಗಡ ಕೊಟ್ಟು ಬಳಿಕ ಕಾಗದಪತ್ರ ನೋಡುವವರು ಜೀವಮಾನದ ಗಳಿಕೆಯನ್ನು ಕೋರ್ಟಿನ ಮೆಟ್ಟಿಲಿಗೆ ಒಯ್ಯುತ್ತಾರೆ. ಆದುದರಿಂದ ಸದಸ್ಯರು ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಹಿತ.

1. ಮಾರುವ ಹಕ್ಕು ಯಾರಿಗಿದೆ?

ಪಹಣಿಯ 9ನೇ ಕಲಮಿನಲ್ಲಿ ಹೆಸರಿದ್ದ ಮಾತ್ರಕ್ಕೆ ಅವರೊಬ್ಬರೇ ಮಾಲಿಕರೆಂದು ಭಾವಿಸಬಾರದು. ಪಹಣಿ ಕಂದಾಯದ ದಾಖಲೆ. ಹಕ್ಕಿನ ಮೂಲ ಕ್ರಯಸಾಧನ, ಪಾಲುಪಟ್ಟಿ, ವೀಲುನಾಮೆ ಮುಂತಾದ ದಸ್ತಾವೇಜುಗಳಲ್ಲಿರುತ್ತದೆ. ತಂದೆಯ ಕಾಲಾನಂತರ ಒಬ್ಬ ಮಗನ ಹೆಸರಿಗೆ ಖಾತೆಯಾಗಿದ್ದರೂ ಉಳಿದ ವಾರಸುದಾರರ ಪಾಲು ಅಳಿಯುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಸೊತ್ತಿನಲ್ಲಿ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು ಉಂಟು. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಇದೆಯೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅಳಿಯಸಂತಾನ ಕುಟುಂಬದ ಜಾಗವಾದರೆ ಪಾಲುಪಟ್ಟಿಯನ್ನು ವಕೀಲರಿಂದ ಓದಿಸದೆ ಮುಂದುವರಿಯಬಾರದು. ಮುಂಬೈಗೆ ಮದುವೆಯಾಗಿ ಹೋದ ಅಕ್ಕನ ಸಹಿಯೂ ಬೇಕು.

2. ಜಾಗ ಬಂದ ಬಗೆ

ಡಿಕ್ಲರೇಶನ್ ಜಾಗವಾದರೆ ಭೂನ್ಯಾಯ ಮಂಡಳಿಯ ತೀರ್ಪು ಮತ್ತು ಫಾರಂ 10 ಕೇಳಿ ಪಡೆಯಿರಿ. ದರ್ಖಾಸ್ತು ಅಥವಾ ಅಕ್ರಮ ಸಕ್ರಮದಲ್ಲಿ ಬಂದುದಾದರೆ, ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಶರ್ತ ಮಂಜೂರಾತಿ ಆದೇಶದಲ್ಲಿದೆಯೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯಿದೆಯಂತೆ ಸರಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. ನಡುವೆ ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲ ಮಂಜೂರಾತಿದಾರರಿಗೆ ಹಿಂದಿರುಗಬಹುದು. ಮೂಡುಬಿದಿರೆ ಪ್ರತ್ಯೇಕ ತಾಲೂಕಾಗುವ ಮೊದಲಿನ ಕಂದಾಯ ಕಡತಗಳಿಗಾಗಿ ಮಂಗಳೂರಿನಲ್ಲಿಯೂ ವಿಚಾರಿಸಬೇಕಾದೀತು.

3. ವರ್ಗ ಎಷ್ಟು, ಕುಮ್ಕಿ ಎಷ್ಟು?

ನಮ್ಮ ಜಿಲ್ಲೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಪಹಣಿಯಲ್ಲಿ ಎರಡೂವರೆ ಎಕ್ರೆ ಇರುತ್ತದೆ; ಫಲ ಕೊಡುವ ತೋಟ ನಾಲ್ಕು ಎಕ್ರೆ ಇರುತ್ತದೆ; ಕ್ರಯ ಹೇಳುವುದು ನಾಲ್ಕಕ್ಕೆ. ಹೆಚ್ಚುವರಿ ಜಾಗ ಕುಮ್ಕಿ. ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ ಮುಂತಾದುವನ್ನು ಪಡೆಯುವ ಸವಲತ್ತು ವರ್ಗದಾರನಿಗಿದೆ; ಭೂಮಿ ಮಾತ್ರ ಸರಕಾರದ್ದೇ. ಅಲ್ಲಿ ಎಷ್ಟು ಅಡಿಕೆ ಮರಗಳಿದ್ದರೂ ಕ್ರಯಸಾಧನದಿಂದ ಆ ನೆಲ ನಿಮ್ಮದಾಗದು. ಕ್ರಯ ನಿಶ್ಚಯಿಸುವ ಮೊದಲು ಅಳತೆ ಮಾಡಿಸಿ, ವರ್ಗದ ಗಡಿಗುರುತು ಹಾಕಿಸಿಕೊಳ್ಳಿ. ಸರ್ವೆ ನಂಬ್ರದ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11-ಇ ನಕ್ಷೆ ಆಗಲೇಬೇಕು. ದಾರಿ, ಕೆರೆ, ಸುರಂಗದ ನೀರು, ಕಟ್ಟದ ನೀರಿನ ಪಾಳಿ ಇವುಗಳನ್ನು ಬಾಯಿಮಾತಿಗೆ ಬಿಡದೆ ಕ್ರಯಸಾಧನದಲ್ಲಿ ಬರೆಸಿರಿ.

4. ಸಾಲ ಮತ್ತು ಅಡವು

ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿರಿ. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಕೃಷಿಸಾಲದ ಹೊಣೆ ಪಹಣಿಯ 11ನೇ ಕಲಮಿನಲ್ಲಿರುತ್ತದೆ. ಎರಡನ್ನೂ ನೋಡಿದ ಮೇಲೆಯೂ ಆ ಗ್ರಾಮದ ಸಹಕಾರಿ ಸಂಘ ಮತ್ತು ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಪಡೆಯಬೇಕು.

5. ಮುಖ್ತ್ಯಾರುನಾಮೆ

ಮಾಲಿಕರು ಬಾರದೆ ಮುಖ್ತ್ಯಾರರು ಸಹಿ ಹಾಕುವುದಾದರೆ ಮೂಲಪ್ರತಿಯನ್ನೇ ಓದಿರಿ. ಮಾರುವ, ಹಣ ಪಡೆಯುವ, ನೋಂದಾಯಿಸುವ ಅಧಿಕಾರಗಳು ಸರ್ವೆ ನಂಬ್ರ ಸಹಿತ ಸ್ಪಷ್ಟವಾಗಿರಬೇಕು. ಅದನ್ನು ಪರದೇಶದಲ್ಲಿ ನೋಟರಿ ಅಥವಾ ಭಾರತೀಯ ದೂತಾವಾಸದ ಅಧಿಕಾರಿಯ ಸಮಕ್ಷಮ ಬರೆದು ದೃಢೀಕರಿಸಿರಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಸಲ್ಲಿಸಬೇಕು. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರವೂ ಮುಗಿಯಿತು. ಆದ ಕಾರಣ ನೋಂದಣಿಯ ದಿನ ಮಾಲಿಕರೊಡನೆ ನೇರವಾಗಿ ಮಾತಾಡಿರಿ. ಕರಾರು ಮತ್ತು ಮುಖ್ತ್ಯಾರುನಾಮೆಗಳಿಂದಲೇ ಜಾಗದ ಹಕ್ಕು ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ.

6. ಹಣ ಮತ್ತು ನೋಂದಣಿ

ಇಷ್ಟೆಲ್ಲ ಸರಿಯಿದ್ದರೆ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು, ಆಕ್ಷೇಪ ಬಾರದಿದ್ದಲ್ಲಿ ಕರಾರುಪತ್ರ ನೋಂದಾಯಿಸಿ ಮುಂಗಡ ಕೊಡಿರಿ. ಹಣ ಬ್ಯಾಂಕಿನ ಮೂಲಕ ಮಾಲಿಕರ ಖಾತೆಗೇ ಹೋಗಲಿ, ಮುಖ್ತ್ಯಾರರ ಕೈಗಲ್ಲ. 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಮಾರುವವರು ಅನಿವಾಸಿಯಾಗಿದ್ದು, ಮನೆ ಸೇರಿದ್ದರೆ ಅಥವಾ ಜಾಗ ಪುರಸಭೆಯ ಗಡಿಗೆ ಸಮೀಪವಿದ್ದರೆ, ತೆರಿಗೆ ಹಿಡಿದಿಟ್ಟು ಕಟ್ಟುವ ಹೊಣೆ ಕೊಳ್ಳುವವನ ಮೇಲೆ ಬರಬಹುದು. ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿರಿ. ನೋಂದಣಿಯಾದ ಮೇಲೆ ಪಹಣಿಯಲ್ಲಿ ನಿಮ್ಮ ಹೆಸರು ಬಂದುದನ್ನು ಕಂಡು, ಪಂಪುಸೆಟ್ಟಿನ ಆರ್.ಆರ್. ನಂಬ್ರವನ್ನೂ ಮನೆ ತೆರಿಗೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

7. ಪರದೇಶದ ಮಕ್ಕಳ ಹೆಸರಿಗೆ ಆಗದು

"ದುಡ್ಡು ಮಗನದ್ದು, ಅವನ ಹೆಸರಿಗೇ ಆಗಲಿ" ಎನ್ನುವವರಿದ್ದಾರೆ. ವಿದೇಶಿ ವಿನಿಮಯ ನಿಯಮಗಳಂತೆ ಅನಿವಾಸಿ ಭಾರತೀಯರು ಮನೆ ಕೊಳ್ಳಬಹುದು. ಕೃಷಿಭೂಮಿ, ತೋಟ ಅಥವಾ ತೋಟದ ಮನೆಯನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಹಿರಿಯರಿಂದ ವಾರಸಾಗಿ ಬಂದುದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯನಿಗೇ ಮಾರಬೇಕು.

ವಕೀಲರ ಶುಲ್ಕ ಮತ್ತು ಅಳತೆಯ ಖರ್ಚು ಜಾಗದ ಕ್ರಯದ ಮುಂದೆ ಅಲ್ಪ. ಎಲ್ಲ ಪರಿಶೀಲನೆಗೆ ತಿಂಗಳೆರಡು ತಿಂಗಳು ಹಿಡಿದರೂ ನಷ್ಟವಿಲ್ಲ. ಅಷ್ಟು ಕಾಯಲಾರೆವೆನ್ನುವ ಮಾಲಿಕರ ಜಾಗವನ್ನು ಬಿಟ್ಟುಬಿಡುವುದೇ ಲೇಸು.