ಸರೋವರದ ಲೆಕ್ಕ ತಪ್ಪಿದ್ದೆಲ್ಲಿ?

ಸ್ವಿಟ್ಜರ್‌ಲೆಂಡಿನ ವೇಡೆನ್ಸ್‌ವಿಲ್‌ನಲ್ಲಿ ಹಣ್ಣು, ದ್ರಾಕ್ಷಿ, ತೋಟಗಾರಿಕೆಗೆ ಮೀಸಲಾದ ಸರ್ಕಾರಿ ಸಂಶೋಧನಾ ಕೇಂದ್ರವೊಂದಿತ್ತು. 1990ರ ದಶಕದಲ್ಲಿ ಅಲ್ಲಿನ ಹಾನ್ಸ್-ರುಡಾಲ್ಫ್ ಬೂಸರ್, ಮಾರ್ಕುಸ್ ಮ್ಯೂಲರ್ ಮತ್ತು ಸಂಗಡಿಗರು ಸರೋವರಗಳ ನೀರಿನಲ್ಲಿ ಮೆಕೊಪ್ರಾಪ್ ಎಂಬ ಕಳೆನಾಶಕವನ್ನು ಅಳೆಯುತ್ತಿದ್ದರು. ಅದರ ಜೊತೆಗೇ ಕ್ಲೋಫೈಬ್ರಿಕ್ ಆಮ್ಲವೂ ಸಿಕ್ಕಿತು. ಎರಡರ ಅಣುಸೂತ್ರ ಒಂದೇ, ಹುಟ್ಟು ಮಾತ್ರ ಬೇರೆ. ಕ್ಲೋಫೈಬ್ರಿಕ್ ಆಮ್ಲ ರಕ್ತದ ಕೊಬ್ಬು ಇಳಿಸುವ ಮಾತ್ರೆಯ ಉಳಿಕೆ. ಯಾವ ರೈತನೂ ಹೊಲಕ್ಕೆ ಸಿಂಪಡಿಸಿದ್ದಲ್ಲ, ಜನರ ಮೂತ್ರದ ಮೂಲಕ ಚರಂಡಿ ಸೇರಿ ಬಂದದ್ದು. ಉತ್ತರ ಸಮುದ್ರದ ನೀರಿನಲ್ಲೂ ಅದು ಇತ್ತು.

ಮಾತ್ರೆಗಳು ನೀರಿಗಿಳಿಯುತ್ತವೆ ಎಂದಮೇಲೆ ಡೈಕ್ಲೋಫೆನಾಕ್ ಇರಲೇಬೇಕಲ್ಲ. ನಮ್ಮಲ್ಲಿ ಮಂಡಿನೋವಿನವರೆಲ್ಲ ವೊವೆರಾನ್ ಎಂದು ಕೇಳಿ ಪಡೆಯುವ ಈ ಔಷಧಿ ಹುಟ್ಟಿದ್ದೂ ಸ್ವಿಸ್ ಕಂಪನಿ ಸೀಬಾ-ಗೈಗಿಯಲ್ಲಿ. ಬೂಸರ್, ಥಾಮಸ್ ಪೋಯ್ಗರ್ ಮತ್ತು ಮ್ಯೂಲರ್ ಹುಡುಕಿದರು, ಸಿಕ್ಕಿತು. ನದಿಗಳಲ್ಲಿ ಲೀಟರಿಗೆ 370 ನ್ಯಾನೊಗ್ರಾಮ್‌ವರೆಗೂ ಇದ್ದದ್ದು ಸರೋವರಗಳಲ್ಲಿ ತೀರ ಕಡಿಮೆ. ದೊಡ್ಡ ನೀರಿಗೆ ಬಿದ್ದು ತೆಳುವಾಯಿತು ಎಂದು ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡದೆ ಜ್ಯೂರಿಕ್ ಬಳಿಯ ಗ್ರೈಫನ್‌ಸೇ ಸರೋವರಕ್ಕೆ ಒಳಬರುವ ಔಷಧಿ ಎಷ್ಟು, ಹೊರಹೋಗುವುದೆಷ್ಟು ಎಂದು ಜಮಾ-ಖರ್ಚು ಬರೆದರು. ಬಂದದ್ದರಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗಕ್ಕೆ ಲೆಕ್ಕವೇ ಸಿಗಲಿಲ್ಲ. ಈ ಕತೆಯಲ್ಲಿ ನನಗೆ ಹಿಡಿಸುವುದು ಇದೇ: ಇರುವುದನ್ನು ಅಳೆಯುವವರು ಬೇಕಾದಷ್ಟು ಮಂದಿ, ಇಲ್ಲದ್ದರ ಬೆನ್ನು ಹತ್ತುವವರು ವಿರಳ.

ಕೆಸರಿಗೆ ಅಂಟಿ ತಳ ಸೇರಿತೆ? ಪ್ರಯೋಗಾಲಯದಲ್ಲಿ ನೋಡಿದರೆ ಅದು ಕೆಸರಿನ ಕಣಗಳಿಗೆ ಅಂಟುತ್ತಲೇ ಇರಲಿಲ್ಲ. ಸೂಕ್ಷ್ಮಜೀವಿಗಳು ತಿಂದವೆ? ಕತ್ತಲಲ್ಲಿಟ್ಟ ಸರೋವರದ ನೀರಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅದೇ ನೀರನ್ನು ಬಿಸಿಲಿಗಿಟ್ಟಾಗ ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಮಾಯ. ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

ಡೈಕ್ಲೋಫೆನಾಕ್ ಅಣು ಬಿಸಿಲಿನ ನೇರಳಾತೀತ ಅಂಚನ್ನು ತಾನೇ ಹೀರಿಕೊಳ್ಳುತ್ತದೆ. ಆ ಶಕ್ತಿಗೆ ಅದರ ಒಂದು ಕ್ಲೋರಿನ್ ಕಳಚಿ, ಎರಡು ಉಂಗುರಗಳ ನಡುವೆ ಹೊಸ ಬಂಧ ಬೆಸೆದು ಕಾರ್ಬಜೋಲ್ ಜಾತಿಯ ವಸ್ತುವಾಗುತ್ತದೆ. ಔಷಧಶಾಸ್ತ್ರಜ್ಞರಿಗೆ ಇದು ಹೊಸದೇನಲ್ಲ. ಈ ಔಷಧಿ ಬೆಳಕಿಗೆ ಹೇಗೆ ಕೆಡುತ್ತದೆಂದು ಆಸ್ಟ್ರೇಲಿಯಾದ ಡಗ್ಲಸ್ ಮೂರ್ ಮತ್ತಿತರರು 1990ರಲ್ಲೇ ಬರೆದಿದ್ದರು. ಆದರೂ ಸರೋವರದಲ್ಲಿ ಆ ಕಾರ್ಬಜೋಲ್ ಸಿಗಲಿಲ್ಲ. ಸಾಕ್ಷಿಯೇ ನಾಪತ್ತೆ! ಕಾರಣ ಸರಳ: ಅದು ಬಿಸಿಲಿಗೆ ಡೈಕ್ಲೋಫೆನಾಕ್‌ಗಿಂತಲೂ ಬೇಗ ಒಡೆಯುತ್ತದೆ.

ಆದರೆ ಗಾಜಿನ ಪಾತ್ರೆಯ ವೇಗವನ್ನು ಸರೋವರಕ್ಕೆ ಹೊರಿಸುವಂತಿಲ್ಲ. ಬೆಳಕು ಮೇಲಿನ ಪದರದಲ್ಲೇ ಸೊರಗಿಹೋಗುತ್ತದೆ. ಚಳಿಗಾಲದ ಬಿಸಿಲಿಗೆ ಕಸುವಿಲ್ಲ. 2001ರಲ್ಲಿ ಪೋಯ್ಗರ್ ತಂಡ ಇದನ್ನೆಲ್ಲ ಗಣಿತದ ಮಾದರಿಗೆ ಅಳವಡಿಸಿ ಸರೋವರದ ಅಳತೆಗಳೊಡನೆ ತಾಳೆ ನೋಡಿತು. ಎಲ್ಲ ಔಷಧಿಗೂ ಬಿಸಿಲು ಮದ್ದಲ್ಲ ಎಂಬುದೂ ಅದೇ ಗ್ರೈಫನ್‌ಸೇಯಲ್ಲಿ ಖಚಿತವಾಯಿತು. ಅಪಸ್ಮಾರಕ್ಕೆ ಕೊಡುವ ಕಾರ್ಬಮಾಜೆಪಿನ್ ಬಿಸಿಲಿಗೆ ಜಗ್ಗದೆ ಗ್ಲಾಟ್ ನದಿ ಹಿಡಿದು ರೈನ್‌ನತ್ತ ಸಾಗುತ್ತದೆ.

ಸ್ವಿಟ್ಜರ್‌ಲೆಂಡ್ ಸೂರ್ಯನನ್ನೇ ನಂಬಿ ಕೂರಲಿಲ್ಲ. 2016ರಿಂದ ಜಾರಿಯಾದ ಕಾನೂನಿನಂತೆ ಆಯ್ದ ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ ಓಜೋನ್ ಅಥವಾ ಸಕ್ರಿಯ ಇದ್ದಿಲಿನ ಹೆಚ್ಚುವರಿ ಹಂತ ಸೇರುತ್ತಿದೆ. ಆ ಹಂತ ಸರಿಯಾಗಿ ನಡೆದಿದೆಯೇ ಎಂದು ಪರೀಕ್ಷಿಸಲು ಅಳೆಯುವ ವಸ್ತುಗಳ ಪಟ್ಟಿಯಲ್ಲಿ ಕಾರ್ಬಮಾಜೆಪಿನ್ ಇದೆ, ಬಿಸಿಲಿಗೆ ಅಷ್ಟು ಬೇಗ ಸೋಲುವ ಡೈಕ್ಲೋಫೆನಾಕ್ ಕೂಡ ಇದೆ. ಘಟಕದಿಂದ ಹೊರಬಿದ್ದ ನೀರಿನಲ್ಲಿ ಬಿಸಿಲು ತನ್ನ ಕೆಲಸ ಮುಗಿಸುವ ಮೊದಲೇ ಹೊಳೆಯ ಮೀನುಗಳು ಆ ನೀರಿನಲ್ಲೇ ಬದುಕಬೇಕಲ್ಲ.