ಆರ್ಚಿಯ ಕುರ್ಚಿ

1971ನೆಯ ಇಸವಿಯ ಜನವರಿ 12ರ ರಾತ್ರಿ, ಅಮೆರಿಕದ ಸಿಬಿಎಸ್ ವಾಹಿನಿಯು ಹೊಸದೊಂದು ಹಾಸ್ಯ ಧಾರಾವಾಹಿಯನ್ನು ಪ್ರೇಕ್ಷಕರ ಮುಂದಿಡುವುದಕ್ಕೆ ಮೊದಲು ಪರದೆಯ ಮೇಲೊಂದು ವಿಜ್ಞಾಪನೆಯನ್ನು ತೋರಿಸಿತು. ಮುಂದೆ ಬರಲಿರುವ ಆಟವು ನಮ್ಮ ದೌರ್ಬಲ್ಯಗಳನ್ನೂ ಪೂರ್ವಗ್ರಹಗಳನ್ನೂ ಹಾಸ್ಯದ ಬೆಳಕಿನಲ್ಲಿ ತೋರಿಸುವ ಉದ್ದೇಶದ್ದೆಂದೂ, ಅವನ್ನು ನಗೆಗೆ ಗುರಿಮಾಡುವುದರ ಮೂಲಕ ಅವು ಎಷ್ಟು ಅಸಂಬದ್ಧವೆಂಬುದನ್ನು ಕಾಣಿಸಲೆಳಸುತ್ತದೆಂದೂ ಅದರ ತಾತ್ಪರ್ಯ. ದೂರುಗಳ ಮಹಾಪೂರವನ್ನೇ ನಿರೀಕ್ಷಿಸಿ ವಾಹಿನಿಯವರು ಟೆಲಿಫೋನಿನ ಬಳಿ ಹೆಚ್ಚಿನ ಸಿಬ್ಬಂದಿಯನ್ನು ಕೂರಿಸಿದ್ದರು. ಬಂದ ಕರೆಗಳು ಅವರ ಭಯಕ್ಕೆ ತಕ್ಕಷ್ಟಿರಲಿಲ್ಲ. ಧಾರಾವಾಹಿಯ ಹೆಸರು ‘ಆಲ್ ಇನ್ ದ ಫ್ಯಾಮಿಲಿ’. ನಿರ್ಮಾತೃ ನಾರ್ಮನ್ ಲಿಯರ್. ಎಬಿಸಿ ಎಂಬ ಮತ್ತೊಂದು ವಾಹಿನಿಯು ಇದರ ಮಾದರಿ ಕಂತನ್ನು ಎರಡೆರಡು ಸಲ ಮಾಡಿಸಿ, ಎರಡು ಸಲವೂ ಬೇಡವೆಂದು ಕೈಬಿಟ್ಟಿದ್ದಿತು.

ಆ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಹೊರಗೆ ವಿಯೆಟ್ನಾಂ ಯುದ್ಧ ನಡೆಯುತ್ತಿದ್ದರೂ, ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯ ತರುವಾಯ ನಗರನಗರಗಳಲ್ಲಿ ಬೆಂಕಿಯೆದ್ದು ಇನ್ನೂ ಮೂರು ವರ್ಷ ಕಳೆದಿರದಿದ್ದರೂ, ಅಮೆರಿಕದ ಟೆಲಿವಿಷನ್ನಿನ ನಗೆಲೋಕದಲ್ಲಿ ಮಾತ್ರ ಹಳ್ಳಿಗಾಡಿನ ಮುಗ್ಧರು, ಮಾತು ತಿಳಿಯುವ ಹಂದಿಗಳು, ಮೂಗು ಅಲ್ಲಾಡಿಸಿ ಮಾಟ ಮಾಡುವ ಗೃಹಿಣಿಯರು ನಿರಾತಂಕವಾಗಿ ಬಾಳುತ್ತಿದ್ದರು. ಅಂಥಾ ಲೋಕಕ್ಕೆ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಹೌಸರ್ ಬೀದಿಯಿಂದ ಆರ್ಚಿ ಬಂಕರ್ ಬಂದ: ಸರಕು ಕಟ್ಟೆಯ ಮೇಸ್ತ್ರಿ, ಎರಡನೆಯ ಮಹಾಯುದ್ಧದ ಮಾಜಿ ಯೋಧ, ಕರಿಯರನ್ನೂ ಯಹೂದ್ಯರನ್ನೂ ಪೋಲಿಷರನ್ನೂ ಸ್ತ್ರೀಸ್ವಾತಂತ್ರ್ಯವಾದಿಗಳನ್ನೂ ಒಂದೇ ಉಸಿರಿನಲ್ಲಿ ಹಳಿಯುವವ, ತನ್ನ ಹಳೆಯ ಒರಗುಕುರ್ಚಿಯಲ್ಲಿ ಮತ್ತೊಬ್ಬರು ಕುಳಿತರೆ ಸಹಿಸದವ. ಅವನ ದೌರ್ಭಾಗ್ಯಕ್ಕೆ, ಮಗಳು ಗ್ಲೋರಿಯಾ ಕೈಹಿಡಿದದ್ದು ಪೋಲಿಷ್ ಮೂಲದ, ಉದ್ದಕೂದಲಿನ, ವಾಮಪಂಥೀಯ ವಿದ್ಯಾರ್ಥಿಯಾದ ಮೈಕ್‌ನನ್ನು. ಅವನೋ ಮನೆಯಳಿಯ, ಮಾವನ ಅನ್ನವುಂಡು ಮಾವನ ಸಿದ್ಧಾಂತಗಳನ್ನು ಖಂಡಿಸುವವ. ಈ ಇಬ್ಬರ ನಡುವೆ ಓಡಾಡುತ್ತ, ಪೆದ್ದಿಯೆನಿಸಿಕೊಂಡೇ ಎಲ್ಲರಿಗಿಂತ ಮುಂದಾಗಿ ಸತ್ಯವನ್ನು ಕಾಣುವವಳು ಹೆಂಡತಿ ಈಡಿತ್. ಮನೆಯಳಿಯನೆಂದರೇನೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾದ ಅಗತ್ಯವಿಲ್ಲವಾದ್ದರಿಂದ, ಈ ನಾಟಕದ ಅರ್ಧಭಾಗ ನಮಗೆ ನೋಡದೆಯೇ ಅರ್ಥವಾದಂತೆ.

ಲಿಯರರಿಗೆ ಈ ಕಲ್ಪನೆಯ ಬೀಜ ದೊರೆತದ್ದು ಇಂಗ್ಲೆಂಡಿನಿಂದ. ಅಲ್ಲಿ ಬಿಬಿಸಿಯು ಜಾನಿ ಸ್ಪೈಟ್ ರಚಿಸಿದ ‘ಟಿಲ್ ಡೆತ್ ಅಸ್ ಡೂ ಪಾರ್ಟ್’ ಎಂಬ ಧಾರಾವಾಹಿಯನ್ನು 1966ರಿಂದ ಪ್ರಸಾರ ಮಾಡುತ್ತಿತ್ತು. ಅದರ ನಾಯಕ ಆಲ್ಫ್ ಗಾರ್ನೆಟನೂ ಇಂಥವನೇ. ಆ ಸುದ್ದಿಯನ್ನು ಕೇಳಿದಾಗ ಲಿಯರರಿಗೆ ನೆನಪಾದದ್ದು ತಮ್ಮ ತಂದೆ. ಹೆಂಡತಿಗೆ ಬಾಯಿ ಮುಚ್ಚಿಕೊಂಡಿರೆಂದು ಗದರುತ್ತಿದ್ದ, ಮಗನಿಗೆ ಮಂಕುತಲೆಯವನೆಂದು ಹೆಸರಿಟ್ಟಿದ್ದ ತಂದೆ. ಆ ಬೈಗುಳಗಳೆರಡೂ ಆರ್ಚಿಯ ಬಾಯಿಗೆ ಬಂದವು. ಪೂರ್ವಗ್ರಹವನ್ನು ದೂರದ ಯಾವನೋ ದುಷ್ಟನಲ್ಲಿಡದೆ, ತಾನು ಪ್ರೀತಿಸಿದ ತಂದೆಯಲ್ಲಿ ಕಂಡದ್ದರಿಂದಲೇ ಈ ಕೃತಿಗೆ ಅಷ್ಟೊಂದು ಜೀವ ಬಂತೆಂದು ನನ್ನ ಊಹೆ.

ಇದರ ಹಾಸ್ಯದ ರೀತಿಯನ್ನು ತಿಳಿಯಬೇಕಾದರೆ 1972ರ ಫೆಬ್ರವರಿಯಲ್ಲಿ ಪ್ರಸಾರವಾದ ಕಂತೊಂದನ್ನು ಹತ್ತಿರದಿಂದ ನೋಡಬೇಕು. ಖ್ಯಾತ ಗಾಯಕ ಸ್ಯಾಮಿ ಡೇವಿಸ್ ಜೂನಿಯರ್ ತಾವಾಗಿಯೇ ಪಾತ್ರವಹಿಸಿದ ಕಂತದು. ಬಿಡುವಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಆರ್ಚಿಯ ಗಾಡಿಯಲ್ಲಿ ಡೇವಿಸ್ ತಮ್ಮ ಪೆಟ್ಟಿಗೆಯನ್ನು ಮರೆತುಬಂದು, ಅದನ್ನು ಪಡೆಯಲು ಅವನ ಮನೆಗೇ ಬರುತ್ತಾರೆ. ಅವರು ಕರಿಯರು, ಯಹೂದೀ ಮತವನ್ನು ಸ್ವೀಕರಿಸಿದವರು, ಅಪಘಾತದಲ್ಲಿ ಒಂದು ಕಣ್ಣನ್ನು ಕಳೆದುಕೊಂಡು ಗಾಜಿನ ಕಣ್ಣನ್ನಿರಿಸಿಕೊಂಡವರು. ಆ ಕಣ್ಣಿನ ಮಾತನ್ನು ಯಾರೂ ಎತ್ತಕೂಡದೆಂದು ಮನೆಮಂದಿಗೆಲ್ಲ ತಾಕೀತು ಮಾಡಿದ ಆರ್ಚಿಯೇ, ಕಾಫಿ ಕೊಡುವಾಗ, ಕಣ್ಣಿಗೆ ಹಾಲು ಸಕ್ಕರೆ ಬೇಕೇ ಎಂದು ಕೇಳಿಬಿಡುತ್ತಾನೆ. ಮುಂದೆ, ಕರಿಯನಾದದ್ದು ನಿಮ್ಮ ಕೈಯಲ್ಲಿರಲಿಲ್ಲ, ಯಹೂದ್ಯನಾಗುವ ಬುದ್ಧಿ ಏಕೆ ಬಂತೆಂದು ನಿಜವಾದ ಕಳಕಳಿಯಿಂದಲೇ ವಿಚಾರಿಸುತ್ತಾನೆ. ಅತಿಥಿಯು ಸಿಟ್ಟಾಗುವುದಿಲ್ಲ, ಆರ್ಚಿಗೆ ಪೂರ್ವಗ್ರಹವಿದೆಯೇ ಎಂಬ ಚರ್ಚೆಯಲ್ಲಿ ಅವನ ಪರವಾಗಿ ವಕಾಲತ್ತು ಮಾಡುವವರಂತೆ ನಟಿಸಿ, ಪ್ರತಿಯೊಂದು ಸಮರ್ಥನೆಯೂ ಒಂದೊಂದು ಏಟಾಗುವಂತೆ ಮಾತನ್ನು ಜೋಡಿಸುತ್ತಾರೆ, ಏಟು ಬಿದ್ದದ್ದು ಮನೆಯಲ್ಲೆಲ್ಲ ಆರ್ಚಿಯೊಬ್ಬನಿಗೇ ತಿಳಿಯದು. ಹೊರಡುವಾಗ ಒಂದು ಭಾವಚಿತ್ರ ಬೇಕೆನ್ನುತ್ತಾರೆ. ಕ್ಯಾಮೆರಾದ ಗುಂಡಿ ಒತ್ತುವ ಕ್ಷಣಕ್ಕೆ ಸರಿಯಾಗಿ ಆರ್ಚಿಯ ಕೆನ್ನೆಗೊಂದು ಮುತ್ತಿಡುತ್ತಾರೆ. ಸಭೆಯ ನಗೆ ನಿಲ್ಲುವುದೇ ಇಲ್ಲ. ಆರ್ಚಿಯ ಪಾತ್ರಧಾರಿ ಕ್ಯಾರಲ್ ಓಕಾನರರ ಮುಖದಲ್ಲಿ ಆಗ ಕಾಣುವುದು ಕೋಪವಲ್ಲ, ಜಗತ್ತಿನ ವ್ಯವಸ್ಥೆಯೇ ಕ್ಷಣಮಾತ್ರ ಕುಸಿದವನ ದಿಗ್ಭ್ರಮೆ. ಎಂಥ ಉಪನ್ಯಾಸಕನಿಗೂ ಅಸಾಧ್ಯವಾದ ಕೆಲಸವನ್ನು ನಟನು ಮುಖವೊಂದರಿಂದಲೇ ಸಾಧಿಸುತ್ತಾನೆ.

ಅದೇ ವರ್ಷದ ಇನ್ನೊಂದು ಕಂತಿನಲ್ಲಿ ಗ್ಲೋರಿಯಾ ಒಂದು ಒಗಟು ಹೇಳುತ್ತಾಳೆ. ತಂದೆ ಮಗ ಕಾರಿನಲ್ಲಿ ಹೋಗುತ್ತಿರುವಾಗ ಅಪಘಾತವಾಗುತ್ತದೆ, ತಂದೆ ಸಾಯುತ್ತಾನೆ, ಮಗನನ್ನು ಆಸ್ಪತ್ರೆಗೆ ತಂದಾಗ ಶಸ್ತ್ರವೈದ್ಯರು, ಇವನು ನನ್ನ ಮಗ, ನಾನು ಕತ್ತರಿ ಹಿಡಿಯಲಾರೆ ಎನ್ನುತ್ತಾರೆ. ಹೇಗೆ? ಪ್ರಗತಿಪರನೆಂದು ಬೀಗುವ ಮೈಕನೂ ಸೇರಿ ಗಂಡಸರೆಲ್ಲರೂ ಇಲ್ಲಸಲ್ಲದ ಉತ್ತರಗಳನ್ನು ಹುಡುಕಿ ಸೋಲುತ್ತಾರೆ. ವೈದ್ಯರು ಆ ಹುಡುಗನ ತಾಯಿಯೆಂಬುದು ಹೊಳೆಯುವುದು ಈಡಿತ್‌ಗೆ. ಈ ಕಂತಿನ ಸೊಗಸಿರುವುದು ಮನೆಯಲ್ಲಿ ಕುಳಿತು ಆರ್ಚಿಯನ್ನು ನೋಡಿ ನಕ್ಕ ಪ್ರೇಕ್ಷಕನೂ ಅವನೊಡನೆ ಸೋಲುವುದರಲ್ಲಿ.

ಆಳುವವರ ಕಿವಿಗೂ ಈ ನಗೆ ಮುಟ್ಟಿತು. ಆರ್ಚಿ ತನ್ನ ಪೌರುಷದ ಆದರ್ಶವೆಂದು ಭಾವಿಸಿದ ಮಾಜಿ ಫುಟ್‌ಬಾಲ್ ಆಟಗಾರನೊಬ್ಬ ಸಲಿಂಗಕಾಮಿಯೆಂದು ತಿಳಿಯುವ ಕಂತನ್ನು ನೋಡಿದ ಅಧ್ಯಕ್ಷ ನಿಕ್ಸನ್, ಗ್ರೀಸ್ ರೋಮ್‌ಗಳ ಪತನದವರೆಗೆ ಮಾತನ್ನೆಳೆದು ಅಸಹ್ಯಪಟ್ಟದ್ದು, ಶ್ವೇತಭವನದಲ್ಲಿ ಅವರೇ ಅಡಗಿಸಿರಿಸಿದ್ದ ಧ್ವನಿಮುದ್ರಣ ಯಂತ್ರದಲ್ಲಿ ದಾಖಲಾಗಿದೆ.

ಇಷ್ಟರಿಂದ ಪೂರ್ವಗ್ರಹವು ಸೋತಿತೆಂದು ತೀರ್ಮಾನಿಸುವುದು ಆತುರವಾದೀತು. ಯಹೂದ್ಯದ್ವೇಷವನ್ನು ಕುರಿತು ಪ್ರಸಿದ್ಧ ಕಾದಂಬರಿಯನ್ನು ಬರೆದಿದ್ದ ಲಾರಾ ಹಾಬ್ಸನ್ ಅವರು 1971ರ ಸೆಪ್ಟೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ದೀರ್ಘವಾದ ಆಕ್ಷೇಪವೊಂದನ್ನು ಬರೆದರು. ನಿಜವಾದ ದ್ವೇಷಿಯು ಆಡುವ ಅತಿಕ್ರೂರ ಪದಗಳನ್ನು ಆರ್ಚಿಯ ಬಾಯಿಂದ ತೆಗೆದು, ಸಹ್ಯವಾದ ಬೈಗುಳಗಳನ್ನು ಮಾತ್ರ ಉಳಿಸಿ, ದ್ವೇಷವನ್ನು ತೊಳೆದು ಮಡಿಮಾಡಿ, ಅಕ್ಕರೆಗೆ ಯೋಗ್ಯವಾದ ವಸ್ತುವನ್ನಾಗಿ ಮಾಡಿದ್ದೀರೆಂಬುದು ಅವರ ವಾದ. 1974ರಲ್ಲಿ ನೀಲ್ ವಿಡ್‌ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವು ಆ ಆತಂಕಕ್ಕೆ ಆಧಾರವನ್ನೊದಗಿಸಿತು: ಪೂರ್ವಗ್ರಹವುಳ್ಳವರೂ ಇಲ್ಲದವರೂ ಧಾರಾವಾಹಿಯನ್ನು ಸವಿಯುತ್ತಿದ್ದರಾದರೂ, ಮೊದಲಿನವರಲ್ಲಿ ಆರ್ಚಿಯನ್ನು ಮೆಚ್ಚುವವರು, ವಾದದಲ್ಲಿ ಗೆದ್ದವನು ಅವನೇ ಎಂದು ಕಾಣುವವರು ಹೆಚ್ಚು. ಇಂಗ್ಲೆಂಡಿನಲ್ಲಿ ಆಲ್ಫ್ ಗಾರ್ನೆಟನ ಪಾತ್ರಧಾರಿ ವಾರೆನ್ ಮಿಚೆಲರೂ ಇದನ್ನು ಬಲ್ಲವರೇ. ಕರಿಯರನ್ನು ಚೆನ್ನಾಗಿ ಝಾಡಿಸುತ್ತೀರೆಂದು ಬೆನ್ನು ತಟ್ಟಿದವರಿಗೆ, ನಾವು ಝಾಡಿಸುತ್ತಿರುವುದು ನಿಮ್ಮನ್ನು ಎಂದು ಉತ್ತರಿಸಬೇಕಾಯಿತೆಂದು ಅವರು ಹೇಳಿಕೊಳ್ಳುತ್ತಿದ್ದರು.

ಹಾಗಾದರೆ ಈ ಹಾಸ್ಯ ಸಾಧಿಸಿದ್ದೇನು? ಆರ್ಚಿಯನ್ನು ನಗೆಪಾಟಲಾಗಿಸಿದ್ದು ಅದರ ದೊಡ್ಡ ಸಾಧನೆಯಲ್ಲವೆಂದು ನನಗೆ ತೋರುತ್ತದೆ. ನಗೆಗೆ ಗುರಿಯಾಗುತ್ತಿದ್ದವರು ಎದುರಿಗೆ ಬಂದು, ಬಾಗಿಲು ತಟ್ಟಿ, ಸಮಸಮವಾಗಿ ಮಾತಾಡಿದ್ದು ದೊಡ್ಡದು. ಪಕ್ಕದ ಮನೆಯ ಜೆಫರ್ಸನ್ ಕುಟುಂಬವು ಮೊದಲು ಆರ್ಚಿಯ ಮಾತಿಗೆ ಗುರಿಯಾಗಲು ಬಂತು. ಮನೆಯೊಡೆಯ ಜಾರ್ಜ್ ಜೆಫರ್ಸನ್ ಅಹಂಕಾರದಲ್ಲಿಯೂ ಪೂರ್ವಗ್ರಹದಲ್ಲಿಯೂ ಆರ್ಚಿಗೆ ಸರಿಜೋಡಿಯೆಂದು ಕ್ರಮೇಣ ಗೊತ್ತಾಯಿತು. 1975ರ ಜನವರಿಯಲ್ಲಿ ಆ ಕುಟುಂಬವು ‘ದ ಜೆಫರ್ಸನ್ಸ್’ ಎಂಬ ತನ್ನದೇ ಧಾರಾವಾಹಿಯನ್ನು ಕಟ್ಟಿಕೊಂಡು ಮ್ಯಾನ್‌ಹಟನ್ನಿನ ಎತ್ತರದ ಕಟ್ಟಡಕ್ಕೆ ಬಿಡಾರ ಬದಲಾಯಿಸಿ, ಹತ್ತು ವರ್ಷ ಅಲ್ಲಿಯೇ ನೆಲೆಸಿತು. ಡ್ರೈಕ್ಲೀನಿಂಗ್ ಅಂಗಡಿಗಳ ಸರಣಿಯಿಂದ ಸಿರಿವಂತನಾದ ಕರಿಯನೊಬ್ಬ, ಅವನ ನೆರೆಯಲ್ಲಿ ಬಿಳಿಯ ಗಂಡ ಮತ್ತು ಕರಿಯ ಹೆಂಡತಿ: ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಂತರ್ವರ್ಣೀಯ ವಿವಾಹಗಳ ನಿಷೇಧವನ್ನು ರದ್ದುಗೊಳಿಸಿ ಆಗಿನ್ನೂ ಎಂಟು ವರ್ಷವೂ ತುಂಬಿರಲಿಲ್ಲ.

ಆದರೂ ಪಾತ್ರಕ್ಕೆ ಮನೆ ಸಿಕ್ಕಿದ ಮಾತ್ರಕ್ಕೆ ಘನತೆ ಸಿಕ್ಕಿತೆನ್ನಲಾಗದು. ಷಿಕಾಗೋದ ಬಡ ಕರಿಯ ಕುಟುಂಬವೊಂದನ್ನು ಚಿತ್ರಿಸುವ, ಲಿಯರರದೇ ‘ಗುಡ್ ಟೈಮ್ಸ್’ನಲ್ಲಿ, ತಂದೆತಾಯಿಯರಾಗಿ ಅಭಿನಯಿಸಿದ ಜಾನ್ ಏಮಸ್ ಮತ್ತು ಎಸ್ತರ್ ರೋಲ್ ಅವರು, ಹಿರಿಯ ಮಗ ಜೆ.ಜೆ.ಯ ಕೋಡಂಗಿಯಾಟವನ್ನು ಕಂತಿನಿಂದ ಕಂತಿಗೆ ಹಿಗ್ಗಿಸುತ್ತಿದ್ದುದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಜನಕ್ಕೆ ಅದು ಇಷ್ಟವಾಗಿತ್ತು. ಏಮಸ್ 1976ರಲ್ಲಿ ಹೊರಬಿದ್ದರು, ರೋಲ್ ಕೂಡ ಒಂದು ವರ್ಷ ದೂರವಿದ್ದರು. ಮಂಗಳೂರಿನ ಕನ್ನಡವನ್ನೋ ಧಾರವಾಡದ ಕನ್ನಡವನ್ನೋ ಆಡಿಸಿದ ಮಾತ್ರಕ್ಕೇ ಹಾಸ್ಯವಾಯಿತೆಂದು ನಂಬಿದ ನಮ್ಮ ಚಲನಚಿತ್ರಗಳನ್ನು ಕಂಡವರಿಗೆ ಆ ಇಬ್ಬರು ನಟರ ಸಂಕಟ ಅಪರಿಚಿತವಲ್ಲ.

ಲೇಖನಿಯೇ ಕೈಬದಲಾದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಬ್ರಿಟನ್ನಿನಲ್ಲಿದೆ. 1996ರಲ್ಲಿ ಬಿಬಿಸಿ ರೇಡಿಯೊದಲ್ಲಿ ಆರಂಭವಾಗಿ 1998ರಲ್ಲಿ ದೂರದರ್ಶನಕ್ಕೆ ಬಂದ ‘ಗುಡ್ನೆಸ್ ಗ್ರೇಷಿಯಸ್ ಮೀ’ಯನ್ನು ಆಡಿದವರು ಮೀರಾ ಸಯಾಲ್, ಸಂಜೀವ್ ಭಾಸ್ಕರ್, ಕುಲ್ವಿಂದರ್ ಘೀರ್, ನೀನಾ ವಾಡಿಯಾ: ಭಾರತೀಯ ಮೂಲದ ಬ್ರಿಟಿಷರು. ಅದರ ಪ್ರಸಿದ್ಧ ಪ್ರಹಸನವೊಂದರಲ್ಲಿ, ಲಂಡನ್ನಿನ ಕುಡುಕ ತರುಣರು ರಾತ್ರಿ ‘ಇಂಡಿಯನ್’ ಹೋಟೆಲಿಗೆ ನುಗ್ಗುವಂತೆಯೇ, ಬೊಂಬಾಯಿಯ ಭಾರತೀಯ ತರುಣರ ಗುಂಪೊಂದು ಇಂಗ್ಲಿಷ್ ಹೋಟೆಲಿಗೆ ನುಗ್ಗುತ್ತದೆ. ಬಿಳಿಯ ಮಾಣಿ ಜೇಮ್ಸ್‌ನ ಹೆಸರನ್ನು ಮುರಿದು ಉಚ್ಚರಿಸುತ್ತದೆ. ನಿಮ್ಮಲ್ಲಿ ಎಲ್ಲಕ್ಕಿಂತ ಸಪ್ಪೆಯಾದದ್ದು ಯಾವುದೋ ಅದನ್ನೇ ತಾ ಎಂದು ಶೌರ್ಯ ಮೆರೆಯುತ್ತದೆ. ಯಾರನ್ನೂ ಬೈಯದೆ, ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟಂತೆ. ತನ್ನ ವರ್ತನೆಯನ್ನೇ ಎದುರಿನವನಲ್ಲಿ ಕಂಡ ಆಂಗ್ಲ ಪ್ರೇಕ್ಷಕನಿಗೆ ಇಲ್ಲಿ ಆಲ್ಫ್ ಗಾರ್ನೆಟನ ಬೆನ್ನು ತಟ್ಟುವ ಅವಕಾಶವೂ ಉಳಿಯಲಿಲ್ಲ.

ಆರ್ಚಿಯ ಕಡೆಗೆ ಮತ್ತೆ ತಿರುಗಿದರೆ, 1978ರ ಕಂತೊಂದರಲ್ಲಿ ಅವನೂ ಅಳಿಯನೂ ಪಾನಗೃಹದ ಉಗ್ರಾಣದಲ್ಲಿ ಒಂದು ರಾತ್ರಿ ಸಿಕ್ಕಿಬೀಳುತ್ತಾರೆ. ಕುಡಿದ ಅಮಲಿನಲ್ಲಿ ಮಾವ ತನ್ನ ಬಾಲ್ಯವನ್ನು ಹೇಳಿಕೊಳ್ಳುತ್ತಾನೆ: ಒಂದು ಕಾಲಿಗೆ ಷೂ, ಮತ್ತೊಂದಕ್ಕೆ ಬೂಟು ಹಾಕಿಕೊಂಡು ಶಾಲೆಗೆ ಹೋಗಬೇಕಾಗಿದ್ದ ಬಡತನ, ಅದಕ್ಕೆ ಹುಡುಗರಿಟ್ಟ ಅಡ್ಡಹೆಸರು, ಹೊಡೆಯುತ್ತಿದ್ದ ತಂದೆ. ನಿಮ್ಮ ತಂದೆ ಕಲಿಸಿದ್ದು ತಪ್ಪೆಂದು ಮೈಕ್ ಹೇಳಹೊರಟಾಗ ಅವನು ಸಿಟ್ಟಾಗುವುದಿಲ್ಲ, ಅರ್ಥವಾಗದೆ ನೋಡುತ್ತಾನೆ. ತನ್ನನ್ನು ಪ್ರೀತಿಸಿದವನು ತಪ್ಪನ್ನು ಕಲಿಸಿಯಾನೆಂಬುದು ಅವನ ಊಹೆಗೇ ನಿಲುಕದು. ಹಾಬ್ಸನ್ ಅವರ ಆಕ್ಷೇಪಕ್ಕೆ ದೊರೆತ ಅತ್ಯುತ್ತಮ ಸಮಾಧಾನ ಇದೇ ಎನ್ನುತ್ತೇನೆ.

ಆರ್ಚಿಯ ಕುರ್ಚಿಯು ಈಡಿತಳ ಕುರ್ಚಿಯೊಡನೆ 1978ರಲ್ಲಿಯೇ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ನಟ ಓಕಾನರ್ 2001ರಲ್ಲಿ ತೀರಿಕೊಂಡರು. ಲಿಯರ್ 101 ವರ್ಷ ಬಾಳಿ 2023ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು, 2019ರ ಮೇ ತಿಂಗಳಿನಲ್ಲಿ, ಹಿಂದೆ ಎರಡು ಸಲ ತಿರಸ್ಕರಿಸಿದ್ದ ಎಬಿಸಿ ವಾಹಿನಿಯೇ, ‘ಆಲ್ ಇನ್ ದ ಫ್ಯಾಮಿಲಿ’ ಮತ್ತು ‘ದ ಜೆಫರ್ಸನ್ಸ್’ ಧಾರಾವಾಹಿಗಳ ಒಂದೊಂದು ಹಳೆಯ ಕಂತನ್ನು ಹೊಸ ನಟರಿಂದ ನೇರಪ್ರಸಾರದಲ್ಲಿ ಆಡಿಸಿತು. ಮಾತುಗಳೆಲ್ಲ ಬಹುಪಾಲು ಹಿಂದಿನವೇ; ಜೆಫರ್ಸನ್ನರ ಮನೆಯಲ್ಲಿ 1975ರಲ್ಲಿ ಬಾಯಿಬಿಟ್ಟು ಆಡಿದ್ದ, ಕರಿಯರ ಕುರಿತ ನಿಂದಾಪದವೊಂದು ಬಂದಾಗ ಮಾತ್ರ ಅದರ ಮೇಲೊಂದು ‘ಬೀಪ್’ ಸದ್ದನ್ನು ಹಾಕಿ ಮುಚ್ಚಿದರು.